ನಿಮ್ಮ ಕಂಪ್ಯೂಟರಿನಲ್ಲಿ ರ‍್ಯಾಮ್ ಎಷ್ಟಿದೆ? ನೋಡುವುದು ಹೀಗೆ

"8 ಜಿಬಿ ಇದೆ ಅಂತ ಹೇಳಿದ್ದರು, ನೋಡಿದರೆ 7.8 ತೋರಿಸುತ್ತಿದೆ. ಉಳಿದದ್ದು ಎಲ್ಲಿ ಹೋಯ್ತು?" ಓದುಗರಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು: "ನನ್ನ ಲ್ಯಾಪ್‌ಟಾಪ್‌ನಲ್ಲಿ 512 ಜಿಬಿ ಮೆಮೊರಿ ಇದೆ, ಆದರೂ ಯಾಕಿಷ್ಟು ನಿಧಾನ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ರ‍್ಯಾಮ್ ಅಂದರೆ ಕಂಪ್ಯೂಟರ್ ಓಡುತ್ತಿರುವಾಗ ಕೆಲಸದ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರ‍್ಯಾಮ್ ಎಷ್ಟಿದೆ ಅಂತ ಕೇಳಿದರೆ ಕಂಪ್ಯೂಟರ್ ಒಂದೇ ಉತ್ತರ ಕೊಡುವುದಿಲ್ಲ. ಒಳಗೆ ಹಾಕಿರುವುದು ಎಷ್ಟು, ಬಳಕೆಗೆ ಸಿಗುವುದು ಎಷ್ಟು, ಈ ಕ್ಷಣ ಬಳಕೆಯಲ್ಲಿರುವುದು ಎಷ್ಟು. ಹೀಗೆ ಮೂರು ಲೆಕ್ಕ. ಈ ಮೂರನ್ನು ಕಲಸಿಕೊಂಡಾಗಲೇ ತಲೆ ಕೆಡುವುದು. ಜೊತೆಗೆ, ಈ ಪ್ರಶ್ನೆ ಕೇಳುವವರಲ್ಲಿ ಜಾಸ್ತಿ ಜನ ಇನ್ನಷ್ಟು ರ‍್ಯಾಮ್ ಹಾಕಿಸಬೇಕು ಅಂತಿರುವವರು. ಅವರಿಗೆ ಎಷ್ಟಿದೆ ಅನ್ನುವುದಕ್ಕಿಂತ ಹೇಗೆ ಕೂತಿದೆ ಅನ್ನುವುದೇ ಮುಖ್ಯ. ಅದನ್ನೂ ನೋಡೋಣ.

ಬೇಕಾಗುವುದು ಐದು ನಿಮಿಷ, ಒಂದು ಚೀಟಿ, ಒಂದು ಪೆನ್ನು. ಸ್ಕ್ರೂಡ್ರೈವರ್ ಈಗಲೇ ಕೈಗೆತ್ತಿಕೊಳ್ಳಬೇಡಿ.

ರ‍್ಯಾಮ್ ಬೇರೆ, ಸ್ಟೋರೇಜ್ ಬೇರೆ

"ಮೆಮೊರಿ" ಅನ್ನುವ ಪದವನ್ನು ನಾವು ಎರಡಕ್ಕೂ ಬಳಸುತ್ತೇವೆ, ಗೊಂದಲ ಹುಟ್ಟುವುದೇ ಅಲ್ಲಿ. ಸುಲಭದ ಪರೀಕ್ಷೆ ಒಂದಿದೆ. ನೀವು ಪತ್ರ ಟೈಪ್ ಮಾಡುತ್ತಿದ್ದೀರಿ, ಸೇವ್ ಮಾಡಿಲ್ಲ, ಅಷ್ಟರಲ್ಲಿ ಕರೆಂಟ್ ಹೋಯಿತು. ಹೋದ ಪುಟಗಳು ಇದ್ದದ್ದು ರ‍್ಯಾಮ್‌ನಲ್ಲಿ. ನಿನ್ನೆ ಸೇವ್ ಮಾಡಿದ ಪತ್ರ ಹಾಗೇ ಇದೆಯಲ್ಲ, ಅದು ಇರುವುದು ಸ್ಟೋರೇಜ್‌ನಲ್ಲಿ, ಅಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ.

ಅಂಕಿ ನೋಡಿಯೂ ಗುರುತು ಹಿಡಿಯಬಹುದು. ಮನೆ, ಆಫೀಸಿನ ಕಂಪ್ಯೂಟರ್‌ಗಳಲ್ಲಿ ರ‍್ಯಾಮ್ ಸಾಮಾನ್ಯವಾಗಿ 4, 8, 16 ಅಥವಾ 32 ಜಿಬಿ ಇರುತ್ತದೆ. 256, 512 ಜಿಬಿ, 1 ಟಿಬಿ ಅಂತ ಕಂಡರೆ ಅದು ಸ್ಟೋರೇಜ್. "ದಿಸ್ ಪಿಸಿ" ತೆರೆದಾಗ ಸಿ ಡ್ರೈವ್ ಪಕ್ಕ ಕಾಣುವ ನೀಲಿ ಪಟ್ಟಿಗೂ ರ‍್ಯಾಮ್‌ಗೂ ಸಂಬಂಧವೇ ಇಲ್ಲ. ಅಲ್ಲಿಂದ ಫೋಟೋ ಅಳಿಸಿ ರ‍್ಯಾಮ್ ಖಾಲಿ ಮಾಡಿದೆ ಅಂದುಕೊಳ್ಳುವವರು ಇದ್ದಾರೆ!

ಇನ್ನೊಂದು ತಪ್ಪು ಲೆಕ್ಕವನ್ನೂ ಇಲ್ಲೇ ಮುಗಿಸೋಣ. ಡಿಸ್ಕ್ ತಯಾರಕರು ಸಾವಿರದ ಲೆಕ್ಕದಲ್ಲಿ (ಒಂದು ಜಿಬಿಗೆ ಸಾವಿರ ಎಂಬಿ) ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹಾಗಾಗಿ 512 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 476 ಅಂತ ಕಾಣುತ್ತದೆ. ರ‍್ಯಾಮ್ ಕಡಿಮೆ ಕಾಣುವುದಕ್ಕೂ ಇದೇ ಕಾರಣ ಅಂತ ಹಲವರು ಹೇಳುತ್ತಾರೆ. ಅಲ್ಲ. ರ‍್ಯಾಮ್ ತಯಾರಾಗುವುದೇ 1024ರ ಲೆಕ್ಕದಲ್ಲಿ, 8 ಜಿಬಿ ಅಂದರೆ ಸರಿಯಾಗಿ 8,192 ಎಂಬಿ. 7.8ಕ್ಕೆ ಕಾರಣ ಬೇರೆ, ಮೂರನೇ ಹಂತದಲ್ಲಿ ಬರುತ್ತದೆ.

1. ವಿಂಡೋಸ್: ಮೊದಲು ಸೆಟ್ಟಿಂಗ್ಸ್

ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್ ಕೀ ಒತ್ತಿ ಹಿಡಿದು ಎಕ್ಸ್ ಒತ್ತಿ. ಮೂಲೆಯಲ್ಲಿ ಒಂದು ಪಟ್ಟಿ ಬರುತ್ತದೆ, ಅದರಲ್ಲಿ "ಸಿಸ್ಟಮ್" ಒತ್ತಿ. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್‌ಗೆ ಹೋಗಿ, ಕೊನೆಯಲ್ಲಿರುವ "ಅಬೌಟ್" ಒತ್ತಿದರೂ ಬರುವುದು ಅದೇ ಪುಟ. ವಿಂಡೋಸ್ 7 ಇನ್ನೂ ಓಡಿಸುತ್ತಿದ್ದರೆ "ಕಂಪ್ಯೂಟರ್" ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ "ಪ್ರಾಪರ್ಟೀಸ್" ಒತ್ತಿ.

ಅಲ್ಲಿ "ಇನ್‌ಸ್ಟಾಲ್ಡ್ ರ‍್ಯಾಮ್" ಅನ್ನುವ ಸಾಲು ಹುಡುಕಿ. 8.00 ಜಿಬಿ ಅಂತ ಇದ್ದು, ಪಕ್ಕದ ಆವರಣದೊಳಗೆ "7.84 ಜಿಬಿ ಯೂಸಬಲ್" ಅಂತ ಇರಬಹುದು. ಮೊದಲನೆಯದು ಹಾಕಿರುವುದು, ಎರಡನೆಯದು ಬಳಕೆಗೆ ಸಿಗುವುದು. ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಅಲ್ಲೇ ಇರುವ "ಸಿಸ್ಟಮ್ ಟೈಪ್" ಸಾಲನ್ನೂ ನೋಡಿಕೊಳ್ಳಿ. 64 ಬಿಟ್ ಅಂತ ಇದೆಯೋ, 32 ಬಿಟ್ ಅಂತಲೋ. ಇದೂ ಆಮೇಲೆ ಬೇಕಾಗುತ್ತದೆ.

ಬರೀ ಎಷ್ಟಿದೆ ಅಂತ ತಿಳಿದರೆ ಸಾಕು ಅನ್ನುವವರ ಕೆಲಸ ಇಲ್ಲಿಗೇ ಮುಗಿಯಿತು.

2. ಟಾಸ್ಕ್ ಮ್ಯಾನೇಜರ್: ಪೂರ್ತಿ ಕಥೆ ಇರುವುದು ಇಲ್ಲಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ವಿಂಡೋಸ್ 10ರಲ್ಲಿ ಪುಟ್ಟ ಕಿಟಕಿ ಬಂದರೆ ಕೆಳಗಿನ "ಮೋರ್ ಡೀಟೇಲ್ಸ್" ಒತ್ತಿ. ಆಮೇಲೆ "ಪರ್ಫಾರ್ಮೆನ್ಸ್", ಅದರಲ್ಲಿ "ಮೆಮೊರಿ".

ಈ ಪುಟದ ಮುಂದೆ ಸ್ವಲ್ಪ ಹೊತ್ತು ಕೂರಿ. ಬೇರೆ ಯಾವ ತಂತ್ರಾಂಶವೂ ಇಲ್ಲದೆ ಇಷ್ಟು ವಿವರ ಒಂದೇ ಕಡೆ ಸಿಗುವುದು ಇಲ್ಲಿ ಮಾತ್ರ, ನಾನಂತೂ ಬೇರೆಲ್ಲಕ್ಕಿಂತ ಮೊದಲು ಇದನ್ನೇ ತೆರೆಯುತ್ತೇನೆ. ಮೇಲೆ ಬಲಮೂಲೆಯಲ್ಲಿ ದೊಡ್ಡ ಅಕ್ಷರದಲ್ಲಿ 16.0 ಜಿಬಿ ಅಂತ ಕಂಡರೆ ಅದು ಹಾಕಿರುವುದು. ಗ್ರಾಫ್‌ನ ತಲೆಯ ಮೇಲೆ ಸಣ್ಣದಾಗಿ 15.9 ಅಂತ ಇದ್ದರೆ ಅದು ಬಳಕೆಗೆ ಸಿಗುವುದು. ಕೆಳಗೆ "ಇನ್ ಯೂಸ್" ಅಂತ ಇರುವುದು ಈಗ ಬಳಕೆಯಲ್ಲಿರುವುದು. ಮೂರು ಲೆಕ್ಕವೂ ಒಂದೇ ಪರದೆಯಲ್ಲಿ.

ಇನ್ನು ಕೆಳಗಿನ ಬಲಭಾಗಕ್ಕೆ ಬನ್ನಿ. ನಾಲ್ಕು ಸಣ್ಣ ಸಾಲುಗಳಿವೆ.

"ಸ್ಪೀಡ್": ರ‍್ಯಾಮ್‌ನ ವೇಗ, 2400, 3200, 4800 ಹೀಗೆ.

"ಸ್ಲಾಟ್ಸ್ ಯೂಸ್ಡ್": ಸ್ಲಾಟ್ ಅಂದರೆ ರ‍್ಯಾಮ್ ಸ್ಟಿಕ್ (ಚಿಪ್‌ಗಳಿರುವ ಪುಟ್ಟ ಹಲಗೆ) ಕೂರಿಸುವ ತೋಡು. "1 ಆಫ್ 2" ಅಂತಿದ್ದರೆ ಎರಡರಲ್ಲಿ ಒಂದು ತುಂಬಿದೆ, ಇನ್ನೊಂದು ಖಾಲಿ. "2 ಆಫ್ 2" ಅಂದರೆ ಹೊಸದು ಹಾಕಲು ಹಳೆಯದೊಂದನ್ನು ತೆಗೆಯಬೇಕು.

"ಫಾರ್ಮ್ ಫ್ಯಾಕ್ಟರ್": ಸ್ಟಿಕ್‌ನ ಆಕಾರ. "ಡಿಮ್" ಅಂದರೆ ಡೆಸ್ಕ್‌ಟಾಪ್‌ನ ಉದ್ದನೆಯದು. "ಸೋಡಿಮ್" ಅಂದರೆ ಲ್ಯಾಪ್‌ಟಾಪ್‌ನ ಗಿಡ್ಡನೆಯದು. "ರೋ ಆಫ್ ಚಿಪ್ಸ್" ಅಂತ ಬಂದರೆ ಸ್ಟಿಕ್ಕೇ ಇಲ್ಲ, ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ ಅಂತ ತಿಳಿಯಿರಿ.

"ಹಾರ್ಡ್‌ವೇರ್ ರಿಸರ್ವ್ಡ್": ಯಂತ್ರ ತನಗೆ ಅಂತ ತೆಗೆದಿಟ್ಟುಕೊಂಡದ್ದು.

ಈ ಬೆಸುಗೆಯ ಸಾಲನ್ನು ಓದದೆ ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ತೆಳ್ಳನೆಯ ಲ್ಯಾಪ್‌ಟಾಪ್ ಒಂದರ ಹಿಂಬದಿಯ ಸ್ಕ್ರೂ ಎಲ್ಲ ಬಿಚ್ಚಿ, ಮುಚ್ಚಳ ಎಬ್ಬಿಸಿ ನೋಡಿದರೆ ಸ್ಲಾಟ್ ಅನ್ನುವುದೇ ಇಲ್ಲ. ಕೈಯಲ್ಲಿ ಹೊಸ ಸ್ಟಿಕ್ ಹಿಡಿದುಕೊಂಡು ಪೆಚ್ಚಾಗಿ ಕೂತಿದ್ದೆ. ಟಾಸ್ಕ್ ಮ್ಯಾನೇಜರ್ ಅಷ್ಟು ದಿನವೂ ಅದನ್ನೇ ಹೇಳುತ್ತಿತ್ತು.

ಎಚ್ಚರ: ಬೆಸುಗೆ ಹಾಕಿದ ರ‍್ಯಾಮ್ ಇರುವ ಕೆಲವು ಲ್ಯಾಪ್‌ಟಾಪ್‌ಗಳು "8 ಆಫ್ 8" ಅಂತ ವಿಚಿತ್ರವಾಗಿ ತೋರಿಸುತ್ತವೆ. ಎಂಟು ಸ್ಲಾಟ್ ಇದೆ ಅಂತ ಖುಷಿಪಡಬೇಡಿ. ಹಾಗೆಯೇ "ಜಿಪಿಯು" (ಅಂದರೆ ಗ್ರಾಫಿಕ್ಸ್) ಪುಟದಲ್ಲಿ "ಶೇರ್ಡ್ ಜಿಪಿಯು ಮೆಮೊರಿ" ಅಂತ ಒಂದು ಅಂಕಿ ಇರುತ್ತದೆ, ಸಾಮಾನ್ಯವಾಗಿ ನಿಮ್ಮ ರ‍್ಯಾಮ್‌ನ ಅರ್ಧದಷ್ಟು. ಅದು ಹೆಚ್ಚುವರಿ ಮೆಮೊರಿ ಅಲ್ಲ. ಇರುವ ರ‍್ಯಾಮ್‌ನಲ್ಲೇ ಗ್ರಾಫಿಕ್ಸ್ ಬೇಕಾದರೆ ಎಷ್ಟರವರೆಗೆ ಎರವಲು ಪಡೆಯಬಹುದು ಅನ್ನುವ ಮಿತಿ ಅಷ್ಟೇ.

3. ಕಾಣೆಯಾದ ರ‍್ಯಾಮ್ ಎಲ್ಲಿ?

ಹಾಕಿರುವುದಕ್ಕೂ ಬಳಕೆಗೆ ಸಿಗುವುದಕ್ಕೂ ಎಷ್ಟು ಅಂತರ ಅನ್ನುವುದನ್ನು ನೋಡಿ ಮುಂದಿನ ಕೆಲಸ.

ನೂರು ಇನ್ನೂರು ಎಂಬಿ ಅಂತರ ಎಲ್ಲ ಕಡೆ ಇರುವಂಥದ್ದು. ಸುಮ್ನೆ ಬಿಟ್ಟುಬಿಡಿ. 500 ಎಂಬಿಯಿಂದ 2 ಜಿಬಿವರೆಗೆ ಹೋಗಿದ್ದರೆ ಮೊದಲ ಅನುಮಾನ ಗ್ರಾಫಿಕ್ಸ್ ಮೇಲೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ಪರದೆಯ ಚಿತ್ರ ಬಿಡಿಸುವ ಭಾಗ ಪ್ರೊಸೆಸರ್ ಒಳಗೇ ಇರುತ್ತದೆ. ಅದಕ್ಕೆ ಸ್ವಂತ ಮೆಮೊರಿ ಇಲ್ಲ, ಹಾಗಾಗಿ ರ‍್ಯಾಮ್‌ನಲ್ಲೇ ಒಂದು ಪಾಲು ಹಿಡಿದಿಟ್ಟುಕೊಳ್ಳುತ್ತದೆ. ಇದು ದೋಷವಲ್ಲ. ಕೆಲವು ಯಂತ್ರಗಳಲ್ಲಿ ಆ ಪಾಲನ್ನು ಬಯಾಸ್‌ನಲ್ಲಿ (ಅದೇನು ಅಂತ ಐದನೇ ಹಂತದಲ್ಲಿದೆ) ಕಡಿಮೆ ಮಾಡಬಹುದು.

8 ಜಿಬಿ ಹಾಕಿದ್ದೂ ಬಳಕೆಗೆ 3 ಚಿಲ್ಲರೆ ಮಾತ್ರ ಸಿಗುತ್ತಿದೆಯಾ? "ಸಿಸ್ಟಮ್ ಟೈಪ್" ಸಾಲು ನೋಡಿ ಅಂದೆನಲ್ಲ, ಈಗ ಚೀಟಿ ತೆಗೆಯಿರಿ. 32 ಬಿಟ್ ವಿಂಡೋಸ್ ಆದರೆ ಕಾರಣ ಅದೇ. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು 429,49,67,296, ಅಂದರೆ 4 ಜಿಬಿಗೆ ಆಗುವಷ್ಟು. ಅದರಲ್ಲೂ ಒಂದು ಭಾಗ ಗ್ರಾಫಿಕ್ಸ್ ಮತ್ತಿತರ ಸಾಧನಗಳ ವಿಳಾಸಕ್ಕೆ ಹೋಗುತ್ತದೆ. ನೀವು ಎಷ್ಟೇ ರ‍್ಯಾಮ್ ತಂದು ಹಾಕಿ, ವಿಂಡೋಸ್ ಅದನ್ನು ಮುಟ್ಟುವುದಿಲ್ಲ. "32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್" ಅಂತ ಇದ್ದರೆ ಪ್ರೊಸೆಸರ್ ಸಿದ್ಧವಿದೆ, ಅಡ್ಡಿ ವಿಂಡೋಸ್ ಮಾತ್ರ. ಪರಿಹಾರ 64 ಬಿಟ್ ವಿಂಡೋಸನ್ನು ಹೊಸದಾಗಿ ಹಾಕುವುದು. ಇರುವುದರ ಮೇಲೇ ಅಪ್‌ಗ್ರೇಡ್ ಮಾಡಲು ಬರುವುದಿಲ್ಲ, ಹಾಗಾಗಿ ಫೈಲುಗಳನ್ನೆಲ್ಲ ಮೊದಲು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

64 ಬಿಟ್ ಇದ್ದೂ ಸರಿಯಾಗಿ ಅರ್ಧ ಕಾಣೆಯಾಗಿದ್ದರೆ ಒಂದು ಸ್ಟಿಕ್ ಸರಿಯಾಗಿ ಕೂತಿಲ್ಲ ಅಥವಾ ಕೆಟ್ಟಿದೆ ಅನ್ನುವ ಸಾಧ್ಯತೆ ಜಾಸ್ತಿ. ಅದಕ್ಕೆ ಆರನೇ ಹಂತ ಮತ್ತು ಕೊನೆಯ ಪ್ಯಾರಾ ನೋಡಿ.

ಒಂದು ಅಪರೂಪದ ಕಾರಣವನ್ನೂ ಹೇಳಲೇಬೇಕು, ಯಾಕೆಂದರೆ ಇಂಟರ್ನೆಟ್ ತುಂಬ ಇದನ್ನು ವೇಗ ಹೆಚ್ಚಿಸುವ ಉಪಾಯ ಅಂತ ಹಂಚುತ್ತಾರೆ. "ಸಿಸ್ಟಮ್ ಕಾನ್ಫಿಗರೇಶನ್" ತೆರೆದು, "ಬೂಟ್" ಪುಟದ "ಅಡ್ವಾನ್ಸ್ಡ್ ಆಪ್ಷನ್ಸ್"ನಲ್ಲಿ "ಮ್ಯಾಕ್ಸಿಮಮ್ ಮೆಮೊರಿ"ಗೆ ಟಿಕ್ ಹಾಕಿ ಅನ್ನುತ್ತಾರೆ. ಆ ಟಿಕ್ ರ‍್ಯಾಮ್ ಹೆಚ್ಚಿಸುವುದಿಲ್ಲ, ಮಿತಿ ಹಾಕುತ್ತದೆ. ಇದ್ದರೆ ತೆಗೆಯಿರಿ, ರೀಸ್ಟಾರ್ಟ್ ಮಾಡಿ.

ವಿಂಡೋಸ್‌ನ "ಸಿಸ್ಟಮ್ ಇನ್‌ಫರ್ಮೇಶನ್" ಅನ್ನುವ ಪುಟದಲ್ಲಿ ನೋಡುವವರಿಗೆ ಒಂದು ಮಾತು. ಅಲ್ಲಿ ಮೆಮೊರಿಯ ಹೆಸರಲ್ಲಿ ನಾಲ್ಕೈದು ಸಾಲು ಇರುತ್ತವೆ. ನಿಮಗೆ ಬೇಕಾದದ್ದು "ಇನ್‌ಸ್ಟಾಲ್ಡ್ ಫಿಸಿಕಲ್ ಮೆಮೊರಿ". "ಟೋಟಲ್ ವರ್ಚುವಲ್ ಮೆಮೊರಿ" ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ರ‍್ಯಾಮ್ ಸಾಲದಾಗ ಡಿಸ್ಕ್‌ನಲ್ಲಿ ಮಾಡಿಕೊಳ್ಳುವ ಜಾಗವನ್ನೂ ಸೇರಿಸಿದ ಲೆಕ್ಕ ಅದು. ಫೋನ್‌ಗಳಲ್ಲಿ "8+8 ಜಿಬಿ" ಅಂತ ಹಾಕುತ್ತಾರಲ್ಲ, ಆ ಎರಡನೇ ಎಂಟೂ ಇದೇ ಜಾತಿಯದು.

4. ಮ್ಯಾಕ್ ಮತ್ತು ಲಿನಕ್ಸ್

ಮ್ಯಾಕ್‌ನಲ್ಲಿ ತುಂಬ ಸುಲಭ. ಎಡಮೂಲೆಯ ಸೇಬಿನ ಗುರುತು ಒತ್ತಿ, "ಅಬೌಟ್ ದಿಸ್ ಮ್ಯಾಕ್" ಒತ್ತಿ, "ಮೆಮೊರಿ" ಸಾಲು ನೋಡಿ. ಇಂಟೆಲ್ ಪ್ರೊಸೆಸರ್‌ನ ಹಳೆ ಮ್ಯಾಕ್ ಆದರೆ "ಸಿಸ್ಟಮ್ ರಿಪೋರ್ಟ್" ಒಳಗಿನ "ಮೆಮೊರಿ"ಯಲ್ಲಿ ಯಾವ ಸ್ಲಾಟ್‌ನಲ್ಲಿ ಎಷ್ಟಿದೆ ಅಂತಲೂ ಸಿಗುತ್ತದೆ. 2020ರ ಕೊನೆಯಲ್ಲಿ ಬಂದ ಆಪಲ್‌ನದೇ ಎಂ1 ಮತ್ತು ಅದರ ನಂತರದ ಚಿಪ್ ಇರುವ ಮ್ಯಾಕ್‌ಗಳಲ್ಲಿ ಮೆಮೊರಿ ಪ್ರೊಸೆಸರ್ ಚಿಪ್‌ನ ಜೊತೆಗೇ ಅಂಟಿಕೊಂಡು ಬರುತ್ತದೆ. ಆಮೇಲೆ ಹೆಚ್ಚಿಸುವ ದಾರಿ ಇಲ್ಲ. ಕೊಳ್ಳುವಾಗಲೇ ಯೋಚಿಸಬೇಕು.

ಲಿನಕ್ಸ್‌ನಲ್ಲೂ ಸೆಟ್ಟಿಂಗ್ಸ್‌ನ "ಅಬೌಟ್" ಪುಟದಲ್ಲಿ ಸಿಗುತ್ತದೆ. ಟರ್ಮಿನಲ್ ಇಷ್ಟಪಡುವವರು "ಫ್ರೀ" ಅನ್ನುವ ಆಜ್ಞೆ ಕೊಡಿ: ಆ ಇಂಗ್ಲಿಷ್ ಪದದ ನಾಲ್ಕು ಸಣ್ಣಕ್ಷರ, ಒಂದು ಸ್ಪೇಸ್, ಒಂದು ಅಡ್ಡಗೆರೆ, ಅದಕ್ಕೆ ಅಂಟಿಕೊಂಡು ಸಣ್ಣ ಎಚ್. "ಟೋಟಲ್" ಕೆಳಗಿರುವುದು ಬಳಕೆಗೆ ಸಿಗುವ ರ‍್ಯಾಮ್. ಹಾಗಾಗಿ 16 ಜಿಬಿ ಯಂತ್ರದಲ್ಲಿ 15 ಅಂತ ಕಂಡರೆ ಗಾಬರಿ ಬೇಡ. "ಫ್ರೀ" ಕಾಲಂನಲ್ಲಿ ತೀರಾ ಕಡಿಮೆ ಕಂಡರೂ ಗಾಬರಿ ಬೇಡ. ಖಾಲಿ ಬಿದ್ದ ರ‍್ಯಾಮ್‌ನಲ್ಲಿ ಲಿನಕ್ಸ್ ಇತ್ತೀಚೆಗೆ ತೆರೆದ ಫೈಲುಗಳನ್ನು ಇಟ್ಟುಕೊಂಡಿರುತ್ತದೆ, ಕೇಳಿದ ತಕ್ಷಣ ಬಿಟ್ಟುಕೊಡುತ್ತದೆ. ನಿಜವಾಗಿ ಉಳಿದಿರುವುದು ಎಷ್ಟು ಅಂತ "ಅವೈಲಬಲ್" ಕಾಲಂ ಹೇಳುತ್ತದೆ.

5. ವಿಂಡೋಸೇ ತೆರೆಯದಿದ್ದರೆ

ಬಯಾಸ್ ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಎದ್ದು ಯಂತ್ರಾಂಶವನ್ನು ಎಣಿಸಿಕೊಳ್ಳುವ ಪುಟ್ಟ ತಂತ್ರಾಂಶ. ಡಿಸ್ಕ್ ಕೆಟ್ಟಿದ್ದರೂ ರ‍್ಯಾಮ್ ಎಷ್ಟಿದೆ ಅಂತ ಇದು ಹೇಳುತ್ತದೆ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀಯನ್ನು ಟಕಟಕ ಒತ್ತುತ್ತಿರಿ. ಕೆಲವು ಕಂಪನಿಗಳದ್ದು ಎಫ್10, ಇನ್ನು ಕೆಲವರದ್ದು ಎಸ್ಕೇಪ್. ಸಾಮಾನ್ಯವಾಗಿ ಮೊದಲ ಪುಟದಲ್ಲೇ ಮೆಮೊರಿಯ ಸಾಲು ಇರುತ್ತದೆ. ನೋಡಿ, ಏನನ್ನೂ ಬದಲಿಸದೆ, ಸೇವ್ ಮಾಡದೆ ಹೊರಗೆ ಬನ್ನಿ.

6. ಮುಚ್ಚಳ ತೆರೆಯಲೇಬೇಕಾದರೆ

ಇದು ಕೊನೆಯ ದಾರಿ. ವಾರಂಟಿ ಇದ್ದರೆ, ಮುಚ್ಚಳ ಬಿಚ್ಚಿದರೆ ಅದು ಉಳಿಯುತ್ತದೆಯಾ ಅಂತ ಮೊದಲು ಓದಿಕೊಳ್ಳಿ.

ಕಂಪ್ಯೂಟರನ್ನು ಪೂರ್ತಿ ಶಟ್‌ಡೌನ್ ಮಾಡಿ, ಸ್ಲೀಪ್ ಸಾಲದು. ಪ್ಲಗ್ ಕೀಳಿ. ಲ್ಯಾಪ್‌ಟಾಪ್ ಬ್ಯಾಟರಿ ತೆಗೆಯಲು ಬರುವಂತಿದ್ದರೆ ತೆಗೆಯಿರಿ. ಬ್ಯಾಟರಿ ಒಳಗಿದ್ದರೆ ಮುಚ್ಚಳ ತೆಗೆದ ಮೇಲೆ ಮೊದಲು ಅದರ ವೈರಿನ ಕನೆಕ್ಟರ್ ಬಿಡಿಸಿ. ಆಮೇಲೆ ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗುತ್ತದೆ. ರ‍್ಯಾಮ್ ಮುಟ್ಟುವ ಮೊದಲು ಬಣ್ಣ ಹಚ್ಚಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ. ಮೈಮೇಲಿನ ಸ್ಥಾಯಿ ವಿದ್ಯುತ್ ನಮಗೆ ಚುರುಕ್ ಅನ್ನಿಸದಷ್ಟು ಸಣ್ಣದಿದ್ದರೂ ಚಿಪ್‌ಗೆ ಸಾಕು.

ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರ್ ಫ್ಯಾನ್ ಪಕ್ಕ ನೆಟ್ಟಗೆ ನಿಂತ ಉದ್ದ ಹಲಗೆಗಳೇ ರ‍್ಯಾಮ್ ಸ್ಟಿಕ್. ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ಮೇಲೆ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಸ್ಟಿಕ್ ಮಲಗಿರುತ್ತದೆ. ಎರಡೂ ಬದಿಯ ಲೋಹದ ಕೊಕ್ಕೆಗಳನ್ನು ಉಗುರಿನಿಂದ ಮೆಲ್ಲಗೆ ಹೊರಕ್ಕೆ ಸರಿಸಿದರೆ ಒಂದು ಅಂಚು ತಾನಾಗಿ ಎದ್ದು ನಿಲ್ಲುತ್ತದೆ, ಆಗ ಎಳೆಯಿರಿ. ಅಂಚುಗಳಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ.

ಈಗ ಸ್ಟಿಕ್ ಮೇಲೆ ಅಂಟಿಸಿರುವ ಲೇಬಲ್ ಓದಿ. "8 ಜಿಬಿ" ಅಂತ ನೇರವಾಗಿ ಬರೆದಿರುತ್ತದೆ. ಪಕ್ಕದಲ್ಲಿ "ಪಿಸಿ4" ಅಂತಿದ್ದರೆ ಡಿಡಿಆರ್4, "ಪಿಸಿ3" ಅಂತಿದ್ದರೆ ಡಿಡಿಆರ್3, "ಪಿಸಿ5" ಇದ್ದರೆ ಡಿಡಿಆರ್5. ಡಿಡಿಆರ್ ಅನ್ನುವುದು ರ‍್ಯಾಮ್‌ನ ತಲೆಮಾರು. ಒಂದು ತಲೆಮಾರಿನದು ಇನ್ನೊಂದರ ಸ್ಲಾಟ್‌ನಲ್ಲಿ ಕೂರುವುದಿಲ್ಲ. ಎರಡು ಸ್ಟಿಕ್ ಪಕ್ಕಪಕ್ಕ ಇಟ್ಟು ನೋಡಿ, ಹಲ್ಲುಗಳ ನಡುವಿನ ಕಚ್ಚು ಸ್ವಲ್ಪ ಆಚೀಚೆ ಇರುತ್ತದೆ. ತಪ್ಪಿ ಹಾಕದಿರಲಿ ಅಂತಲೇ ಹಾಗೆ ಮಾಡಿದ್ದಾರೆ. ಕೂರುತ್ತಿಲ್ಲ ಅಂತ ಬಲ ಹಾಕಿದರೆ ಸ್ಲಾಟ್ ಮುರಿಯುತ್ತದೆ.

ಲೇಬಲ್‌ನಲ್ಲಿ "ಪಿಸಿ4-19200" ಅಂತ ಇದ್ದರೆ ವೇಗ 19200 ಅಂತ ತಿಳಿಯಬೇಡಿ. ಅದನ್ನು 8ರಿಂದ ಭಾಗಿಸಿ, 2400 ಸಿಗುತ್ತದೆ. ಟಾಸ್ಕ್ ಮ್ಯಾನೇಜರ್ ತೋರಿಸುವುದು ಅದನ್ನೇ. ಸಿಪಿಯು-ಝಡ್‌ನಂಥ ಉಚಿತ ತಂತ್ರಾಂಶದಲ್ಲಿ ನೋಡಿದರೆ ಅದೇ ಸ್ಟಿಕ್ 1200 ಅಂತ ಕಾಣುತ್ತದೆ. ಮೋಸವೇನಿಲ್ಲ. ಡಿಡಿಆರ್ ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುತ್ತದೆ, ಒಬ್ಬರು ಬಡಿತ ಎಣಿಸುತ್ತಾರೆ, ಇನ್ನೊಬ್ಬರು ಸಾಗಣೆ.

ಹೊಸದು ಕೊಳ್ಳುವ ಮೊದಲು

ಚೀಟಿಯಲ್ಲಿ ಈಗ ಇಷ್ಟು ಇರಬೇಕು: ಹಾಕಿರುವುದು ಎಷ್ಟು, ಎಷ್ಟು ಸ್ಲಾಟ್, ಎಷ್ಟು ಖಾಲಿ, ಡಿಡಿಆರ್ ಎಷ್ಟನೆಯದು, ಉದ್ದದ್ದೋ ಗಿಡ್ಡದ್ದೋ, ವೇಗ. ಇನ್ನೊಂದು ಬಾಕಿ ಇದೆ, ನಿಮ್ಮ ಯಂತ್ರ ಗರಿಷ್ಠ ಎಷ್ಟು ರ‍್ಯಾಮ್ ತಾಳುತ್ತದೆ ಅನ್ನುವುದು. ಅದನ್ನು ಮಾಡೆಲ್ ಸಂಖ್ಯೆ ಹಾಕಿ ತಯಾರಕರ ಪುಟದಲ್ಲೇ ನೋಡಿ. ಹೊಸ ಸ್ಟಿಕ್ ಹಳೆಯದಕ್ಕಿಂತ ವೇಗದ್ದು ತಂದರೆ ನಷ್ಟವಿಲ್ಲ, ಆದರೆ ಲಾಭವೂ ಇಲ್ಲ. ಎರಡೂ ನಿಧಾನದ ಸ್ಟಿಕ್‌ನ ವೇಗಕ್ಕೇ ಓಡುತ್ತವೆ. ಒಂದೇ ದೊಡ್ಡ ಸ್ಟಿಕ್‌ಗಿಂತ ಒಂದೇ ಅಳತೆಯ ಎರಡು ಸ್ಟಿಕ್ ಹಾಕಿದರೆ ಪ್ರೊಸೆಸರ್ ಎರಡರಿಂದಲೂ ಒಟ್ಟಿಗೆ ಓದುತ್ತದೆ, ನನ್ನ ಆಯ್ಕೆ ಅದೇ.

ನಿಜವಾಗಿ ಬೇಕಾ ಅನ್ನುವುದನ್ನೂ ಒಮ್ಮೆ ನೋಡಿ. ದಿನವೂ ಬಳಸುವ ಎಲ್ಲವನ್ನೂ ತೆರೆದಿಟ್ಟು, ಟಾಸ್ಕ್ ಮ್ಯಾನೇಜರ್‌ನ "ಇನ್ ಯೂಸ್" ನೋಡಿ. ಪೂರ್ತಿ ಕೆಲಸದ ನಡುವೆಯೂ ಮೂರನೇ ಒಂದು ಭಾಗ ಉಳಿದಿದ್ದರೆ ನಿಧಾನಕ್ಕೆ ಕಾರಣ ರ‍್ಯಾಮ್ ಅಲ್ಲ. ಹಳೆ ಹಾರ್ಡ್ ಡಿಸ್ಕ್ ಇರಬಹುದು.

ಹೊಸ ಸ್ಟಿಕ್ ಹಾಕಿದ ಮೇಲೆ ಮತ್ತೆ ಎರಡನೇ ಹಂತಕ್ಕೆ ಬನ್ನಿ. ಅಂಕಿ ಹಳೆಯದೇ ಇದ್ದರೆ ಅಂಗಡಿಗೆ ಓಡಬೇಡಿ. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಸ್ಟಿಕ್ ತೆಗೆದು ಮತ್ತೆ ಕೂರಿಸಿ, ಎರಡೂ ತುದಿ ಟಕ್ ಅನ್ನುವವರೆಗೆ ಸಮನಾಗಿ ಒತ್ತಿ. ಆಗಲೂ ಎಣಿಸದಿದ್ದರೆ ಎರಡೂ ಸ್ಟಿಕ್‌ಗಳ ಜಾಗ ಅದಲುಬದಲು ಮಾಡಿ, ಆಮೇಲೆ ಒಂದೊಂದನ್ನೇ ಹಾಕಿ ಆನ್ ಮಾಡಿ ನೋಡಿ. ಕೆಟ್ಟಿರುವುದು ಸ್ಟಿಕ್ಕೋ, ಸ್ಲಾಟೋ ಅನ್ನುವುದು ಅಷ್ಟರಲ್ಲಿ ಗೊತ್ತಾಗಿಬಿಡುತ್ತದೆ.